ಅಯಸ್ಕಾಂತದ ಕಾವಲು ಬದಲಿಸುವಾಗ

ದೊಡ್ಡ ಅತಿವಾಹಕ ಅಯಸ್ಕಾಂತವನ್ನು, ಅಂದರೆ ತೀರಾ ತಣ್ಣಗಿರುವಾಗ ರೋಧವೇ ಇಲ್ಲದೆ ವಿದ್ಯುತ್ ಹರಿಸುವ ತಂತಿಯ ಅಯಸ್ಕಾಂತವನ್ನು, ಸರಿಯಾಗಿ ನೋಡಿಕೊಂಡರೆ ಅದರ ಸುರುಳಿ ದಶಕಗಳ ಕಾಲ ಬಾಳುತ್ತದೆ. ಅದನ್ನು ಕಾಯುವ ಎಲೆಕ್ಟ್ರಾನಿಕ್ಸ್ ಅಷ್ಟು ಬಾಳುವುದಿಲ್ಲ. ಕೆಪಾಸಿಟರ್‌ಗಳು ಒಣಗುತ್ತವೆ, ರಿಲೇಗಳು ಸವೆಯುತ್ತವೆ, ಕನೆಕ್ಟರ್ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ಕಾರವಾರದ ಉಪ್ಪುಗಾಳಿಯಲ್ಲಿ ಮನೆಯ ಇನ್ವರ್ಟರ್ ಟರ್ಮಿನಲ್ ಏನಾಗುತ್ತದೆ ಎಂದು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಟ್ಟ ಚಿಪ್‌ಗೆ ಬದಲಿ ಹುಡುಕಹೊರಟರೆ ಅದರ ತಯಾರಿಕೆಯೇ ನಿಂತಿರುತ್ತದೆ. ಆಗ ಯಾರಾದರೂ ಹೇಳಿಯೇ ಹೇಳುತ್ತಾರೆ, ಹಳೆಯದನ್ನೆಲ್ಲ ಕಿತ್ತು ಒಂದೇ ಹೊಸ ಕಂಪ್ಯೂಟರಿಗೆ ಒಪ್ಪಿಸೋಣ ಎಂದು. ಇದೇ ಕೆಲಸದಲ್ಲಿರುವ ನಾನು ಅದನ್ನು ಒಪ್ಪುವುದಿಲ್ಲ. ವಿದ್ಯುತ್ ಏರಿಸಿ ಇಳಿಸುವ ನಿಯಂತ್ರಣವನ್ನು ಕಂಪ್ಯೂಟರಿಗೆ ಕೊಡಿ, ಅಪಾಯದಲ್ಲಿ ಅದನ್ನು ನಿಲ್ಲಿಸುವ ರಕ್ಷಣೆಯನ್ನು ಅದರಿಂದ ಬೇರೆಯಾಗಿಯೇ ಇಡಿ.

ಕೋಡಿಬಾಗದಲ್ಲಿ ನಮ್ಮ ನೆರೆಮನೆಯ ಹಿರಿಯರು ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಏನಾದರೂ ಕೆಟ್ಟರೆ ಸುರುಳಿಯೇ ಕರಗಬಹುದು ಎಂದು ಅವರಿಗೆ ಹೇಳಿದೆ. "ಅಷ್ಟು ಅಪಾಯವಿದ್ದರೆ ಫ್ಯೂಸ್ ಕಿತ್ತರೆ ಮುಗಿಯಿತಲ್ಲ ತಮ್ಮಾ" ಎಂದರು. ಅಯಸ್ಕಾಂತ ರಕ್ಷಣೆಯ ಮೊದಲ ಪಾಠವೇ ಈ ಪ್ರಶ್ನೆಗೆ ಉತ್ತರ. 10 ಹೆನ್ರಿ ಪ್ರೇರಕತೆಯ (ವಿದ್ಯುತ್ ಬದಲಾಗುವುದನ್ನು ತಡೆಯುವ ಗುಣದ ಅಳತೆ) ಸುರುಳಿಯಲ್ಲಿ 1000 ಆಂಪಿಯರ್ ಹರಿಯುತ್ತಿದ್ದರೆ ಅದರೊಳಗೆ 50 ಲಕ್ಷ ಜೂಲ್ ಶಕ್ತಿ ತುಂಬಿರುತ್ತದೆ. ದಾರಿ ಕಡಿದರೆ ವಿದ್ಯುತ್ ನಿಲ್ಲುವುದಿಲ್ಲ, ಕಡಿದ ಜಾಗದಲ್ಲೇ ಆರ್ಕ್, ಅಂದರೆ ನಿಲ್ಲದ ಕಿಡಿ, ಆಗಿ ಉರಿಯುತ್ತದೆ. ಆದ್ದರಿಂದ ದಾರಿ ಕಡಿಯುವ ಸ್ವಿಚ್ಚಾದ ಬ್ರೇಕರ್ ತೆರೆದಾಗ ಆ ವಿದ್ಯುತ್ತನ್ನು ಹೊರಗಿನ ಒಂದು ದೊಡ್ಡ ರೋಧಕಕ್ಕೆ ತಿರುಗಿಸುತ್ತೇವೆ. ಅರ್ಧ ಓಮ್‌ನ ರೋಧಕವಿದ್ದರೆ ಮೊದಲ ಕ್ಷಣದಲ್ಲಿ 500 ವೋಲ್ಟ್ ಏಳುತ್ತದೆ, 20 ಸೆಕೆಂಡಿನಲ್ಲಿ ವಿದ್ಯುತ್ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ರೋಧಕ ಹೆಚ್ಚಿಸಿದರೆ ಬೇಗ ಇಳಿಯುತ್ತದೆ ನಿಜ, ಆದರೆ ವೋಲ್ಟೇಜ್ ಏರಿ ಸುರುಳಿಯ ಇನ್ಸುಲೇಷನ್ ಒಡೆಯಬಹುದು. ಹಳೆಯ ಪ್ಯಾನೆಲ್‌ನಲ್ಲಿ ಬರೆದಿಟ್ಟ ಪ್ರತಿಯೊಂದು ಅಂಕಿಯ ಹಿಂದೆ ಇಂಥ ಲೆಕ್ಕಾಚಾರವಿರುತ್ತದೆ. ಅದನ್ನು ಅರಿಯದೆ ಅಂಕಿಯನ್ನು ಮುಟ್ಟಬಾರದು.

ಇಷ್ಟೆಲ್ಲ ಏಕೆ ಬೇಕು? ನಿಯೋಬಿಯಂ-ಟೈಟಾನಿಯಂ ತಂತಿ ಸುಮಾರು 9 ಕೆಲ್ವಿನ್‌ಗಿಂತ ಕೆಳಗೆ ಮಾತ್ರ ಅತಿವಾಹಕ. ದ್ರವ ಹೀಲಿಯಂ ಅದನ್ನು 4.2 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತದೆ. ಕಾಂತಕ್ಷೇತ್ರ ಮತ್ತು ವಿದ್ಯುತ್ ಏರಿದಂತೆ ಅತಿವಾಹಕತೆಯ ಮಿತಿ ಇಳಿದು, ಈ ಎರಡು ತಾಪಗಳ ನಡುವಿನ ಅಂತರ ಕುಗ್ಗುತ್ತದೆ. ಆಗ ತಂತಿ ಕೂದಲೆಳೆಗಿಂತ ಕಡಿಮೆ ಅಲುಗಿದರೂ ಆ ಘರ್ಷಣೆಯ ಶಾಖವೇ ಸಾಕು, ಒಂದು ತುಣುಕು ಅತಿವಾಹಕತೆ ಕಳೆದುಕೊಂಡು ಕಾಯತೊಡಗುತ್ತದೆ. ಇದೇ ಕ್ವೆಂಚ್. ವಿದ್ಯುತ್ತನ್ನು ಬೇಗ ಇಳಿಸದಿದ್ದರೆ ಆ ತುಣುಕು ಕರಗಬಹುದು. ಆಸ್ಪತ್ರೆಯ ಎಂಆರ್‌ಐ ಕೋಣೆಯಿಂದ ಕಟ್ಟಡದ ಹೊರಕ್ಕೆ ಹೋಗುವ ದಪ್ಪ ಕೊಳವೆ ಇಂಥ ಹೊತ್ತಿನಲ್ಲಿ ಕುದಿದೇಳುವ ಹೀಲಿಯಂ ಅನಿಲಕ್ಕಾಗಿಯೇ ಇರುವುದು.

ಕ್ವೆಂಚನ್ನು ಪತ್ತೆಹಚ್ಚುವುದು ಸೂಕ್ಷ್ಮದ ಕೆಲಸ. ವಿದ್ಯುತ್ ಏರಿಸುವಾಗ ಸುರುಳಿಯಲ್ಲಿ ತಾನಾಗಿಯೇ ಕೆಲವು ವೋಲ್ಟ್ ಹುಟ್ಟುತ್ತದೆ, ಕ್ವೆಂಚ್‌ನ ಮೊದಲ ಸುಳಿವು ಬರಿಯ ಮಿಲಿವೋಲ್ಟ್‌ಗಳಷ್ಟು. ಹಾಗಾಗಿ ಸುರುಳಿಯ ಎರಡು ಅರ್ಧಗಳಿಂದ ತಂತಿ ಎಳೆದು ಒಂದರ ವೋಲ್ಟೇಜಿನಿಂದ ಇನ್ನೊಂದರದನ್ನು ಕಳೆಯುತ್ತೇವೆ. ಎರಡರಲ್ಲೂ ಸಮನಾಗಿ ಇದ್ದದ್ದು ಅಳಿಸಿಹೋಗಿ ಕ್ವೆಂಚ್‌ನದ್ದು ಮಾತ್ರ ಉಳಿಯುತ್ತದೆ. ಜಿನೀವಾ ಬಳಿಯ ಎಲ್‌ಎಚ್‌ಸಿ ಎಂಬ ಕಣ ವೇಗವರ್ಧಕದ ಮುಖ್ಯ ಅಯಸ್ಕಾಂತಗಳಲ್ಲಿ ಈ ವ್ಯತ್ಯಾಸ 100 ಮಿಲಿವೋಲ್ಟ್ ಮೀರಿ 10 ಮಿಲಿಸೆಕೆಂಡ್ ನಿಂತರೆ ರಕ್ಷಣೆ ಚಾಲೂ ಆಗುತ್ತದೆ. ಈ ವೋಲ್ಟೇಜ್ ಅಳೆಯುವ ಹೊಸ ಎಲೆಕ್ಟ್ರಾನಿಕ್ ಕಾರ್ಡಿನ ನಿಖರತೆ ಕಂಡು ಮಿತಿಯನ್ನು 20 ಮಿಲಿವೋಲ್ಟಿಗೆ ಇಳಿಸುವ ಆಸೆ ಸಹಜ. ಆದರೆ ತಂತಿಯೊಳಗೆ ಕ್ಷಣಮಾತ್ರ ಹುಟ್ಟಿ ಅಡಗುವ ಕಾಂತೀಯ ಜಿಗಿತಗಳೂ ಅಷ್ಟು ವೋಲ್ಟೇಜ್ ತೋರಿಸುತ್ತವೆ. ಸುಳ್ಳು ಎಚ್ಚರಿಕೆಗಳಿಂದ ಹೀಲಿಯಂ ಪೋಲಾಗುತ್ತದೆ. ಬೇಸತ್ತವರು ಒಂದು ರಾತ್ರಿ ಪಾಳಿಯಲ್ಲಿ ಮಿತಿಯನ್ನು ಏರಿಸಿ ಎಲ್ಲೂ ಬರೆದಿಡದೆ ಮನೆಗೆ ಹೋಗುತ್ತಾರೆ. ನನಗೆ ಹೆಚ್ಚು ಭಯ ಇದರದೇ.

ನೋಡದ ಜಾಗದಿಂದಲೂ ಪೆಟ್ಟು ಬೀಳುತ್ತದೆ. 2008ರ ಸೆಪ್ಟೆಂಬರ್ 19ರಂದು ಎಲ್‌ಎಚ್‌ಸಿಯಲ್ಲಿ ಕೆಟ್ಟದ್ದು ಸುರುಳಿಯಲ್ಲ, ಎರಡು ಅಯಸ್ಕಾಂತಗಳ ನಡುವಿನ ಬೆಸುಗೆ. ಆರ್ಕ್ ಹೀಲಿಯಂ ಕವಚವನ್ನು ತೂತು ಮಾಡಿತು, ಟನ್‌ಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು, ಯಂತ್ರ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಆನಂತರದ ಉನ್ನತೀಕರಣದಲ್ಲಿ ಬೆಸುಗೆಗಳನ್ನೂ ಒಂದು ಮಿಲಿವೋಲ್ಟಿನೊಳಗೆ ಅಳೆಯುವ ಕಾರ್ಡುಗಳನ್ನು ಕೂಡಿಸಿದರು. ಅಂದ ಹಾಗೆ, ಆ ಯಂತ್ರದಲ್ಲಿ ಕ್ವೆಂಚ್ ಆದಾಗ ಸುರುಳಿಯನ್ನೆಲ್ಲ ಬೇಕೆಂದೇ ಬೆಚ್ಚಗಾಗಿಸಿ ಶಾಖವನ್ನು ಹರಡುವ ಹೀಟರುಗಳಿವೆ. 900 ವೋಲ್ಟಿಗೆ ಚಾರ್ಜ್ ಆಗಿ ಕಾಯುವ ಅವುಗಳ ವಿದ್ಯುತ್ ಮೂಲಗಳು ಸಾವಿರಾರು ಸಂಖ್ಯೆಯಲ್ಲಿ ಭಾರತದಿಂದ ಹೋದವು. ಅದು ನಮ್ಮವರು ಹೆಮ್ಮೆ ಪಡಬೇಕಾದ ಕೆಲಸ.

ರಕ್ಷಣೆ ಬೇರೆ, ನಿಯಂತ್ರಣ ಬೇರೆ ಎಂಬುದು ನಮ್ಮ ಜಿಲ್ಲೆಗೆ ಹೊಸದಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರದ 220 ಮೆಗಾವಾಟ್ ಘಟಕಗಳಲ್ಲಿ ರಿಯಾಕ್ಟರ್ ನಿಲ್ಲಿಸುವ ವ್ಯವಸ್ಥೆಗಳು ಅದರ ದೈನಂದಿನ ನಿಯಂತ್ರಣದಿಂದ ಪ್ರತ್ಯೇಕ. ಬೇರೆಬೇರೆಯಾಗಿ ಅಳೆಯುವ ಮೂರು ಚಾನೆಲ್‌ಗಳಲ್ಲಿ ಎರಡು ಒಪ್ಪಿದರೆ ನಿಲುಗಡೆ. ಒಂದು ಚಾನೆಲ್ ಕೆಟ್ಟರೂ ಸ್ಥಾವರ ಸುಮ್ಮನೆ ನಿಲ್ಲುವುದಿಲ್ಲ, ನಿಜವಾದ ಅಪಾಯವೂ ತಪ್ಪಿಹೋಗುವುದಿಲ್ಲ. ಅಯಸ್ಕಾಂತಕ್ಕೂ ಇದೇ ಸರಿ.

ಬದಲಾವಣೆ ಮಾಡುವಾಗ ಹಳೆಯ ಕಾರ್ಡನ್ನು ಮೊದಲ ದಿನವೇ ಕೀಳಬೇಡಿ. ಹೊಸದು ಪಕ್ಕದಲ್ಲಿ ಕೂತು ಅದೇ ಸಂಕೇತಗಳನ್ನು ಓದಲಿ, ಬ್ರೇಕರ್ ತೆರೆಯುವ ಅಧಿಕಾರ ಹಳೆಯದಕ್ಕೇ ಇರಲಿ. ತಂಪುಗೊಳಿಸುವುದು, ವಿದ್ಯುತ್ ಏರಿಸುವುದು, ಕಡಿಮೆ ವಿದ್ಯುತ್ತಿನಲ್ಲಿ ಬೇಕೆಂದೇ ಮಾಡಿಸಿದ ಕ್ವೆಂಚ್ ಒಂದು, ಇಷ್ಟೂ ಆಗುವವರೆಗೆ ಎರಡರ ದಾಖಲೆಯನ್ನು ಹೋಲಿಸಿ. ಬ್ರೇಕರನ್ನು ತೆರೆಸುವ ಕೊನೆಯ ಸರ್ಕ್ಯೂಟ್ ಮಾತ್ರ ಎಂದಿಗೂ ಸಾಫ್ಟ್‌ವೇರ್ ಇಲ್ಲದ, ಬರಿಯ ತಂತಿಯದೇ ಆಗಿರಲಿ. ಅದರಲ್ಲಿ ವಿದ್ಯುತ್ ಹರಿಯುತ್ತಿರುವಷ್ಟು ಕಾಲ ಮಾತ್ರ ಅಯಸ್ಕಾಂತಕ್ಕೆ ಅನುಮತಿ. ತಂತಿ ತುಂಡಾದರೂ, ಕಾರ್ಡ್ ಸತ್ತರೂ, ಸಾಫ್ಟ್‌ವೇರ್ ಸ್ತಬ್ಧವಾದರೂ ಬ್ರೇಕರ್ ತೆರೆಯಲೇಬೇಕು. ಹೀಲಿಯಂ ತುಂಬುವ ಮೊದಲು ಒಂದೊಂದೇ ಕನೆಕ್ಟರನ್ನು ಕೈಯಾರೆ ಕಿತ್ತು, ಬ್ರೇಕರ್ ತೆರೆಯಲು ಹಿಡಿದ ಸಮಯವನ್ನು ಆಸಿಲೋಸ್ಕೋಪಿನಲ್ಲಿ ಅಳೆಯುತ್ತೇನೆ. ಆ ಹಾಳೆಯನ್ನು ಮಿತಿಗಳು ಮತ್ತು ಅವುಗಳ ಕಾರಣಗಳ ಜೊತೆ ರ‍್ಯಾಕಿನ ಬಾಗಿಲ ಒಳಬದಿಗೆ ಅಂಟಿಸುತ್ತೇನೆ. ಒಂದೇ ಒಂದು ಕನೆಕ್ಟರ್ ಕಿತ್ತಾಗ ಬ್ರೇಕರ್ ತೆರೆಯದಿದ್ದರೂ ಹೀಲಿಯಂ ತುಂಬಲು ನನ್ನ ಸಹಿ ಸಿಗುವುದಿಲ್ಲ.