ನೋಡ್ ಸುಮ್ಮನೆ ಕೂತಿದೆ, ನನ್ನ ಜಾಬ್ ಯಾಕೆ ಕ್ಯೂನಲ್ಲಿದೆ?

ಪ್ರಶ್ನೆ: ನಮ್ಮ ಕ್ಲಸ್ಟರ್‌ನ ಲೋಡ್ ಗ್ರಾಫ್‌ನಲ್ಲಿ ಒಂದು ನೋಡ್ ಹೆಚ್ಚುಕಡಿಮೆ ಖಾಲಿ. 40 ಕೋರ್‌ನಲ್ಲಿ ಒಂದು ಮಾತ್ರ ಓಡುತ್ತಿದೆ. ನನ್ನ 16 ಕೋರ್‌ನ ಜಾಬ್ ನಿನ್ನೆಯಿಂದ ಪೆಂಡಿಂಗ್. ಯಾರಿಗೆ ಎಷ್ಟು ಕೊಟ್ಟಿದ್ದಾರೆ ಅಂತ ನಾನೇ ನೋಡೋದು ಹೇಗೆ ಸಾರ್?

ಉತ್ತರ: ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿ ಕೇಳಿದರೂ ಇದೇ ಪ್ರಶ್ನೆ, ಮಂಡ್ಯದಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವವರು ಕೇಳಿದರೂ ಇದೇ ಪ್ರಶ್ನೆ. ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಬುಡದಿಂದಲೇ ಬರೆಯುತ್ತೇನೆ. ಕ್ಲಸ್ಟರ್ ಎಂದರೆ ಹಲವರು ಹಂಚಿಕೊಂಡು ಬಳಸುವ ಕಂಪ್ಯೂಟರ್‌ಗಳ ಗುಂಪು, ನೋಡ್ ಅದರಲ್ಲಿನ ಒಂದು ಕಂಪ್ಯೂಟರ್, ಕೋರ್ ಅದರೊಳಗೆ ಲೆಕ್ಕ ಮಾಡುವ ಒಂದು ಘಟಕ, ಜಾಬ್ ನೀವು ಓಡಿಸಲು ಕೊಟ್ಟ ಕೆಲಸ. ಇವನ್ನು ಜಾಬ್‌ಗಳಿಗೆ ಹಂಚುವ ತಂತ್ರಾಂಶ ನಿಮ್ಮಲ್ಲಿ ಸ್ಲರ್ಮ್ (Slurm) ಎಂದುಕೊಳ್ಳುತ್ತೇನೆ.

ಮೊದಲು ಆ ಗ್ರಾಫ್ ಮುಚ್ಚಿ. ಅದು ತೋರಿಸುವುದು ದುಡಿಮೆಯನ್ನು, ಹಂಚಿಕೆಯನ್ನಲ್ಲ. ಎಸ್‌ಕಂಟ್ರೋಲ್ ಶೋ ನೋಡ್ (scontrol show node) ಎಂಬ ಆಜ್ಞೆ ಕೊಟ್ಟು ಆ ನೋಡ್‌ನ ಹೆಸರು ಹಾಕಿ. ಸಿಪಿಯು ಅಲಾಕ್ 40, ಸಿಪಿಯು ಲೋಡ್ 1.02 ಎಂದು ಬಂದರೆ ಅರ್ಥ ಇಷ್ಟೇ: ಯಾರೋ 40 ಕೋರ್ ಕೇಳಿ ಪಡೆದಿದ್ದಾರೆ, ಅವರ ಪ್ರೋಗ್ರಾಂ ಒಂದನ್ನೇ ಬಳಸುತ್ತಿದೆ. ಉಳಿದ 39 ನಿಮಗೆ ಸಿಗುವುದಿಲ್ಲ. ಅಲ್ಲೇ ಅಲಾಕ್ ಮೆಮ್ ಕೂಡ ನೋಡಿ. ಕೋರ್ ಉಳಿದಿದ್ದರೂ ಮೆಮೊರಿಯೆಲ್ಲ ಒಬ್ಬರ ಹೆಸರಲ್ಲಿದ್ದರೆ ಆ ನೋಡ್‌ಗೆ ಇನ್ನೊಂದು ಜಾಬ್ ಹೋಗದು. ಆ ನೋಡ್ ಯಾರ ಕೈಲಿದೆ ಎಂದು ಎಸ್‌ಕ್ಯೂ (squeue) ಹೇಳುತ್ತದೆ. ನಿಮ್ಮ ಜಾಬ್‌ನ ಸಾಲಿನ ಕೊನೆಯಲ್ಲಿ ಅದು ಬರೆದಿರುವ ಕಾರಣವನ್ನೂ ಓದಿ. ರಿಸೋರ್ಸಸ್ ಎಂದಿದ್ದರೆ ನಿಮ್ಮ ಸರದಿ ಬಂದಿದೆ, ಜಾಗ ತೆರವಾಗಬೇಕಷ್ಟೆ. ಪ್ರಯಾರಿಟಿ ಎಂದಿದ್ದರೆ ಮುಂದೆ ಇನ್ನೂ ಜನ ಇದ್ದಾರೆ. ಕ್ಯೂಒಎಸ್ ಎಂದು ಶುರುವಾದರೆ ನಿಮಗೆ ಹಾಕಿರುವ ಮಿತಿಯನ್ನೇ ನೀವು ಮುಟ್ಟಿದ್ದೀರಿ.

ಈಗ ಸಾಯದೇ ಉಳಿದಿರುವ ಆ ನಂಬಿಕೆಗೆ ಬರೋಣ: "ಎಷ್ಟು ಕೇಳಿದರೇನು, ಬಳಸಿದ್ದಷ್ಟೇ ತಾನೇ ಲೆಕ್ಕ? ಇರಲಿ ಅಂತ 40 ಹಾಕಿದೆ."

ಇದು ತಪ್ಪು. ಪೂರಾ ತಪ್ಪು. ಮನೆಯ ಕರೆಂಟ್ ಮೀಟರ್ ನೋಡಿ ಹುಟ್ಟಿದ ಕಲ್ಪನೆ ಇದು, ಆದರೆ ಕರೆಂಟ್ ಬಿಲ್ಲಿನಲ್ಲೂ ಮಂಜೂರಾದ ಲೋಡಿಗೆ ನಿಗದಿತ ಶುಲ್ಕ ಇದ್ದೇ ಇರುತ್ತದೆ. ಕ್ಲಸ್ಟರ್ ಕಲ್ಯಾಣ ಮಂಟಪದ ಹಾಗೆ. ಐನೂರು ಜನರ ಮಂಟಪ ಹಿಡಿದು ಐವತ್ತು ಜನ ಬಂದರೂ ಬಾಡಿಗೆ ಇಡೀ ಮಂಟಪಕ್ಕೆ, ಮತ್ತು ಅದೇ ಮುಹೂರ್ತಕ್ಕೆ ಇನ್ನೊಂದು ಮದುವೆ ಅಲ್ಲಿ ನಡೆಯುವುದಿಲ್ಲ.

ಲೆಕ್ಕ ಹಾಕಿ. 40 ಕೋರ್ ಹಿಡಿದ ಜಾಬ್ ಹತ್ತು ಗಂಟೆ ಓಡಿತು, ದುಡಿದದ್ದು ಒಂದೇ ಕೋರ್. ಖಾತೆಗೆ ಬೀಳುವುದು ಹತ್ತು ಕೋರ್-ಗಂಟೆ ಅಲ್ಲ, 400. ಎಸ್‌ಶೇರ್ (sshare) ತೋರಿಸುವ ರಾ ಯೂಸೇಜ್ (ಒಟ್ಟು ಬಳಕೆ) ಕಾಲಂಗೆ ಸೆಕೆಂಡಿನ ಲೆಕ್ಕದಲ್ಲಿ 14,40,000 ಸೇರುತ್ತದೆ. ಜಾಬ್ ಮುಗಿದ ಮೇಲೆ ಎಸ್‌ಎಫ್ (seff) ಆಜ್ಞೆಗೆ ಜಾಬ್ ನಂಬರ್ ಕೊಟ್ಟರೆ ಸಿಪಿಯು ದಕ್ಷತೆ ಶೇ. 2.5 ಎಂದು ಬರುತ್ತದೆ. ಆ ಅಂಕಿ ನಿಮ್ಮದಾಗಿದ್ದರೆ ಬೇರೆ ಯಾರ ಜಾಬ್ ನೋಡುವ ಮೊದಲು ಅದನ್ನು ಸರಿ ಮಾಡಿಕೊಳ್ಳಿ.

ಕಾರಣ ಸಾಮಾನ್ಯವಾಗಿ ಸಣ್ಣದು. ಪೈಥಾನ್ ಸ್ಕ್ರಿಪ್ಟ್ ಬರೆದದ್ದೇ ಒಂದು ಕೋರ್‌ಗೆ ಇರಬಹುದು. ಎಷ್ಟು ಥ್ರೆಡ್ (ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಓಡುವ ಎಳೆ) ಎಂದು ಹೇಳುವ ಓಎಂಪಿ ನಮ್ ಥ್ರೆಡ್ಸ್ (OMP_NUM_THREADS) ಬೆಲೆ 1 ಆಗಿ ಉಳಿದಿರಬಹುದು. ಹಲವು ಪ್ರತಿಗಳಾಗಿ ಓಡಬೇಕಾದ ಎಂಪಿಐ (MPI) ಪ್ರೋಗ್ರಾಂ ಅನ್ನು, ಆ ಪ್ರತಿಗಳನ್ನು ಹೊರಡಿಸುವ ಎಸ್‌ರನ್ (srun) ಇಲ್ಲದೆ ಹಾಗೇ ಕರೆದಿರಬಹುದು. ಥ್ರೆಡ್ ಬಳಸುವ ಪ್ರೋಗ್ರಾಂಗೆ ಎನ್‌ಟಾಸ್ಕ್ಸ್ (--ntasks, ಎಷ್ಟು ಪ್ರತಿ) 16 ಎಂದು ಹಾಕುವವರು ಬಹಳ. ಅಲ್ಲಿ ಬೇಕಾದದ್ದು ಟಾಸ್ಕ್ 1, ಸಿಪಿಯುಸ್ ಪರ್ ಟಾಸ್ಕ್ (--cpus-per-task, ಪ್ರತಿಯೊಂದಕ್ಕೆ ಎಷ್ಟು ಕೋರ್) 16. ಮೊದಲಿನಂತೆ ಹಾಕಿದರೆ ಆ ಹದಿನಾರು ಕೋರ್ ಎರಡು ಮೂರು ನೋಡ್‌ಗಳಲ್ಲಿ ಚದುರಬಹುದು, ಪ್ರೋಗ್ರಾಂ ಒಂದು ನೋಡ್‌ನಲ್ಲೇ ಕೂತಿರುತ್ತದೆ.

"ಸುಮ್ಮನಿರುವ 39 ಕೋರ್ ಬೇರೆಯವರಿಗೆ ಕೊಡಲು ಏನು ಕಷ್ಟ?" ಎಂದರೆ, ಅರ್ಧ ಗಂಟೆ ಒಂದೇ ಕೋರ್‌ನಲ್ಲಿ ಡೇಟಾ ಓದಿ ಆಮೇಲೆ ನಲವತ್ತಕ್ಕೂ ಹರಡಿಕೊಳ್ಳುವ ಪ್ರೋಗ್ರಾಂಗಳಿವೆ. ನಡುವೆ ಇನ್ನೊಬ್ಬರನ್ನು ಕೂರಿಸಿದರೆ ಇಬ್ಬರದೂ ನಿಧಾನವಾಗುತ್ತದೆ. ಮುಂದೇನು ಮಾಡುತ್ತೀರಿ ಎಂದು ಸ್ಲರ್ಮ್‌ಗೆ ಗೊತ್ತಿಲ್ಲ, ನೀವು ಕೇಳಿದ್ದನ್ನು ಅದು ನಂಬುತ್ತದೆ.

ಅತಿಯಾಗಿ ಕೇಳಿದ್ದರ ಫಲ ಮುಂದಿನ ಜಾಬ್‌ಗೆ ತಗಲುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕಟ್ಟು ನೀರಿನಂತೆ ದಿನ ಗೊತ್ತುಮಾಡಿದ ಸರದಿಯಲ್ಲ ಇದು. ಫೇರ್‌ಶೇರ್ (ಹಿಂದಿನ ಬಳಕೆ ನೋಡಿ ಸರದಿ ಕೊಡುವ ಪದ್ಧತಿ) ಇರುವಲ್ಲಿ ಈಚೆಗೆ ಕಡಿಮೆ ಪಡೆದವರು ಮುಂದೆ ಹೋಗುತ್ತಾರೆ. ಎಸ್‌ಶೇರ್‌ಗೆ ಎಲ್ (-l) ಸೇರಿಸಿದರೆ ಲೆವೆಲ್ ಎಫ್‌ಎಸ್ ಕಾಣುತ್ತದೆ: 1ಕ್ಕಿಂತ ಮೇಲಿದ್ದರೆ ನಿಮ್ಮ ಪಾಲಿಗಿಂತ ಕಡಿಮೆ ಪಡೆದಿದ್ದೀರಿ, ಕೆಳಗಿದ್ದರೆ ಹೆಚ್ಚು. ಎ (-a) ಸೇರಿಸಿದರೆ ಎಲ್ಲ ಬಳಕೆದಾರರ ಸಾಲೂ ಬರುತ್ತದೆ, ಅಡ್ಮಿನ್ ಮುಚ್ಚಿಟ್ಟಿರದಿದ್ದರೆ. ಹಳೆಯ ಬಳಕೆ ಕರಗುತ್ತಾ ಹೋಗುತ್ತದೆ. ಅರ್ಧಾಯುಷ್ಯವನ್ನು, ಅಂದರೆ ಅದು ಅರ್ಧಕ್ಕೆ ಇಳಿಯುವ ಅವಧಿಯನ್ನು, ಯಾರೂ ಬದಲಿಸದಿದ್ದರೆ ಅದು 7 ದಿನ, ಆ 400 ವಾರಕ್ಕೆ 200, ಎರಡು ವಾರಕ್ಕೆ 100, ನಾಲ್ಕು ವಾರಕ್ಕೆ 25 ಆಗುತ್ತದೆ. ಹಾಗಾಗಿ ಇದು ಖಾಲಿಯಾಗುವ ಕೋಟಾ ಅಲ್ಲ. ತಿಂಗಳ ಕೊನೆಗೆ ಗಂಟೆ ಉಳಿಯಿತೆಂದು ಬೇಡದ ಜಾಬ್ ಹಾಕುವುದರಿಂದ ಲಾಭವಿಲ್ಲ.

ಇಲ್ಲಿ ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಸಮಯದ ಮಿತಿ, ಏಕೆಂದರೆ ಅದರ ಲೆಕ್ಕ ತಿರುಗುಮುರುಗು. ಕೋರ್ ಕೇಳಿದ್ದಷ್ಟೂ ಲೆಕ್ಕ, ಆದರೆ ಸಮಯ ಓಡಿದ್ದಷ್ಟೇ ಲೆಕ್ಕ. 72 ಗಂಟೆ ಕೇಳಿ ಐದು ಗಂಟೆಯಲ್ಲಿ ಮುಗಿದರೆ ಖಾತೆಗೆ ಐದು. ಅದಕ್ಕೇ ಎಲ್ಲರೂ 72 ಹಾಕುತ್ತಾರೆ, ಮತ್ತು ಅದಕ್ಕೇ ಎಲ್ಲರೂ ಕಾಯುತ್ತಾರೆ. ದೊಡ್ಡ ಜಾಬ್ ಒಂದಕ್ಕೆ ನೋಡ್‌ಗಳನ್ನು ಕೂಡಿಹಾಕುವಾಗ ನಡುವೆ ಆರು ಗಂಟೆಯ ಬಿಡುವು ಹುಟ್ಟುತ್ತದೆ. ಬ್ಯಾಕ್‌ಫಿಲ್ (ಬಿಡುವು ತುಂಬಿಸುವ ಸ್ಲರ್ಮ್‌ನ ವ್ಯವಸ್ಥೆ) ಆ ಬಿಡುವಿಗೆ ತೂರಿಸುವುದು ಆರು ಗಂಟೆಯೊಳಗೆ ಮುಗಿಯುತ್ತೇನೆಂದು ಬರೆದುಕೊಟ್ಟ ಜಾಬ್‌ಗಳನ್ನು ಮಾತ್ರ. ನಿಜಕ್ಕೂ ಖಾಲಿ ಇರುವ ನೋಡ್ ನಿಮಗೆ ಸಿಗದಿರಲು ಇದೂ ಒಂದು ಕಾರಣ.

ಎಸ್‌ಆಕ್ಟ್‌ನಲ್ಲಿ (sacct) ಹಿಂದಿನ ಹತ್ತು ಜಾಬ್‌ಗಳ ಎಲಾಪ್ಸ್‌ಡ್ (ಓಡಿದ ಸಮಯ) ಮತ್ತು ಮ್ಯಾಕ್ಸ್ ಆರ್‌ಎಸ್‌ಎಸ್ (ಬಳಸಿದ ಗರಿಷ್ಠ ಮೆಮೊರಿ) ತೆಗೆಯಿರಿ. ಅತಿ ಹೆಚ್ಚಿನ ಸಮಯಕ್ಕೆ ಕಾಲುಭಾಗ ಸೇರಿಸಿ ಮಿತಿ ಹಾಕಿ, ಮೆಮೊರಿಗೂ ಹಾಗೇ. ಮಿತಿ ಮೀರಿದರೆ ಸ್ಲರ್ಮ್ ಜಾಬ್ ಕೊಲ್ಲುತ್ತದೆ, ಹಾಗಾಗಿ ಚೆಕ್‌ಪಾಯಿಂಟ್ (ನಡುವೆ ಉಳಿಸಿಟ್ಟ ಸ್ಥಿತಿ) ಬರೆಯುವ ಪ್ರೋಗ್ರಾಂ ಇದ್ದರೆ ಅದನ್ನು ಬಳಸಿ. ಅಣುಗಳ ಚಲನೆ ಲೆಕ್ಕ ಹಾಕುವ ಗ್ರೊಮ್ಯಾಕ್ಸ್‌ಗೆ ಮ್ಯಾಕ್ಸ್‌ಎಚ್ (-maxh, ಗರಿಷ್ಠ ಗಂಟೆ) 5.8 ಕೊಟ್ಟು ಆರು ಗಂಟೆಯ ಮಿತಿ ಹಾಕಿದರೆ ಅದು ಅವಧಿಗೆ ಮೊದಲೇ ಚೆಕ್‌ಪಾಯಿಂಟ್ ಬರೆದು ನಿಲ್ಲುತ್ತದೆ, ಮುಂದಿನ ಜಾಬ್ ಅಲ್ಲಿಂದಲೇ ಮುಂದುವರಿಯುತ್ತದೆ.