ಕೂಸು ಹುಟ್ಟುವ ಮುನ್ನ ಕುಲಾವಿ: ಹೊಸ ಫೋನು ಬರುವ ಮೊದಲೇ ಹಳತಾಗುವುದೇಕೆ?

2011ರ ಅಕ್ಟೋಬರ್ 4ರಂದು ಆ್ಯಪಲ್ ಕಂಪನಿ ಹೊಸ ಐಫೋನ್ ತೋರಿಸುವ ಹೊತ್ತಿಗೆ ಚೀನಾದ ಅಂಗಡಿಗಳಲ್ಲಿ ಅದರ ಕವರ್‌ಗಳು ಆಗಲೇ ಮಾರಾಟಕ್ಕಿದ್ದವು. ಆದರೆ ಆ ಕವರಿಗೆ ಹೊಂದುವ ಫೋನು ಬರಲೇ ಇಲ್ಲ. ಅಗಲ ಪರದೆ, ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು, ಹೆಸರು ‘ಐಫೋನ್ 5’ ಎಂದೆಲ್ಲ ತಿಂಗಳುಗಟ್ಟಲೆ ಸುದ್ದಿಯಾಗಿತ್ತು. ಬಂದದ್ದು 4ಎಸ್. ಹಿಂದಿನ ಫೋನಿನದೇ ಮೈಕಟ್ಟು, ಅದೇ 3.5 ಇಂಚಿನ ಪರದೆ. ಒಳಗೆ ಮಾತ್ರ ಎ5 ಚಿಪ್, 8 ಮೆಗಾಪಿಕ್ಸೆಲ್ ಕ್ಯಾಮೆರಾ, ಮಾತಿಗೆ ಉತ್ತರಿಸುವ ಸಹಾಯಕ ತಂತ್ರಾಂಶ ಸಿರಿ ಎಲ್ಲ ಹೊಸತು. ನಿರಾಸೆಯ ತಲೆಬರಹಗಳು ಅಂದೇ ಬಂದವು. ಮಾರಾಟ ಶುರುವಾದ ಮೂರೇ ದಿನದಲ್ಲಿ 40 ಲಕ್ಷ ಫೋನು ಖರ್ಚಾದವು.

ಈ ಎಡವಟ್ಟಿಗೆ ಕಾರಣ ಕ್ಯಾಲೆಂಡರಿನಲ್ಲಿದೆ. 2010ರವರೆಗೆ ಐಫೋನ್ ಜೂನ್-ಜುಲೈ ಹೊತ್ತಿಗೆ ಬರುತ್ತಿತ್ತು. 2011ರ ಜೂನ್ ಖಾಲಿ ಹೋಯಿತು. ಹನ್ನೆರಡು ತಿಂಗಳ ಕಾಯುವಿಕೆ ಹದಿನಾರು ತಿಂಗಳಿಗೆ ಎಳೆಯಿತು. ‘ಇಷ್ಟು ತಡ ಮಾಡುತ್ತಾರೆಂದರೆ ದೊಡ್ಡದೇನೋ ಇರಬೇಕು’ ಎಂಬ ಲೆಕ್ಕ ತಾನಾಗಿ ಹುಟ್ಟಿಕೊಂಡಿತು. ಅದಕ್ಕೂ ಮೊದಲು, 2010ರಲ್ಲಿ, ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಬಾರೊಂದರಲ್ಲಿ ಐಫೋನ್ 4ರ ಮಾದರಿ ಮರೆತುಹೋಗಿತ್ತು. 3ಜಿಎಸ್‌ನಂತೆ ಕಾಣಲೆಂದು ಅದಕ್ಕೆ ಹುಸಿ ಕವಚ ತೊಡಿಸಲಾಗಿತ್ತು. ಗಿಜ್ಮೊಡೊ ತಾಣ 5,000 ಡಾಲರ್ ಕೊಟ್ಟು ಅದನ್ನು ಪಡೆದು ಏಪ್ರಿಲ್ 19ರಂದು ಬಿಚ್ಚಿ ತೋರಿಸಿತು. ಗಾಳಿಸುದ್ದಿ ನಿಜವೂ ಆಗುತ್ತದೆ ಎಂದು ಓದುಗರು ಕಲಿತದ್ದು ಆಗ. ಮರುವರ್ಷ ಕವರ್ ಮಾಡುವವರು ಬಂಡವಾಳ ಹೂಡಿದ್ದೂ ಅದೇ ಭರವಸೆಯ ಮೇಲೆ.

ಎಲ್ಲ ಸೋರಿಕೆಯೂ ಒಂದೇ ತೂಕದ್ದಲ್ಲ. ಕವರ್ ತಯಾರಕರಿಗೆ ಸಿಗುವ ಅಳತೆಯ ನಕ್ಷೆಗಳು ಈಗ ಬಹುತೇಕ ಮಿಲಿಮೀಟರ್ ಮಟ್ಟಕ್ಕೆ ಸರಿಯಿರುತ್ತವೆ. ಫೋನಿನ ಉದ್ದ, ಅಗಲ, ಕ್ಯಾಮೆರಾ ಉಬ್ಬಿನ ಜಾಗ ಅದರಲ್ಲಿ ತಿಳಿಯುತ್ತದೆ, ಫೋಟೊ ಹೇಗೆ ಬರುತ್ತದೆಂದು ತಿಳಿಯುವುದಿಲ್ಲ. ಚೀನಾದಲ್ಲಿ ಮಾರಲು ಬೇಕಾದ 3ಸಿ ಸುರಕ್ಷತಾ ಪ್ರಮಾಣಪತ್ರದಲ್ಲಿ ಚಾರ್ಜಿಂಗ್ ವ್ಯಾಟ್ ಸಿಗುತ್ತದೆ. ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿಯಲ್ಲಿ ಸಿಗುವುದು ಮಾಡೆಲ್ ಸಂಖ್ಯೆ, ತಯಾರಕರ ಹೆಸರು, ಅಷ್ಟೇ. ‘ಬಿಐಎಸ್‌ನಲ್ಲಿ ಕಾಣಿಸಿಕೊಂಡ ಹೊಸ ಫೋನ್, ಏನೇನಿದೆ ನೋಡಿ’ ಎಂಬ ಸುದ್ದಿಯಲ್ಲಿ ಫೋನು ಭಾರತಕ್ಕೆ ಬರಲಿದೆ ಎನ್ನುವುದನ್ನು ಬಿಟ್ಟರೆ ಉಳಿದದ್ದು ಬೇರೆಲ್ಲಿಂದಲೋ ತಂದು ಜೋಡಿಸಿದ್ದು. ಕಂಪನಿಯ ಸ್ವಂತ ತಂತ್ರಾಂಶವೇ ಬಾಯಿಬಿಟ್ಟರೆ ಹೆಚ್ಚು ನಂಬಬಹುದು. 2017ರಲ್ಲಿ ಆ್ಯಪಲ್‌ನ ಹೋಮ್‌ಪಾಡ್ ಸ್ಪೀಕರಿನ ತಂತ್ರಾಂಶ ಅವಧಿಗೆ ಮುನ್ನ ಹೊರಬಿದ್ದಾಗ, ಅದರೊಳಗೆ ಐಫೋನ್ ಎಕ್ಸ್‌ನ ಆಕಾರವೂ ಮುಖ ಗುರುತಿಸುವ ವ್ಯವಸ್ಥೆಯ ಸುಳಿವೂ ಸಿಕ್ಕಿದ್ದವು.

ಅಂಕಿ ಸರಿಯಿದ್ದೂ ಅರ್ಥ ತಪ್ಪಬಹುದು. ಸ್ಯಾಮ್‌ಸಂಗ್‌ನ 2020ರ ಗ್ಯಾಲಕ್ಸಿ ಎಸ್20 ಅಲ್ಟ್ರಾದಲ್ಲಿ 108 ಮೆಗಾಪಿಕ್ಸೆಲ್ ಇತ್ತು. 2023ರ ಎಸ್23 ಅಲ್ಟ್ರಾದಲ್ಲಿ 200 ಬರುತ್ತದೆ ಎಂದು ಸುದ್ದಿಯಾಯಿತು, ಬಂದೇ ಬಂತು. ಈಗ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರನ್ನೇ ನೋಡಿ. ಹಳೆಯದರ ಗಾತ್ರ 1/1.33 ಇಂಚು, ಹೊಸದರದ್ದು 1/1.3 ಇಂಚು. ಹೆಚ್ಚುಕಡಿಮೆ ಅದೇ ಹೊಲ, ಬದು ಹಾಕಿ ಹೆಚ್ಚು ತುಂಡು ಮಾಡಿದ್ದಾರೆ. ಹಳೆಯದರಲ್ಲಿ 0.8 ಮೈಕ್ರಾನಿನ ಒಂಬತ್ತು ಪಿಕ್ಸೆಲ್ ಸೇರಿ ಒಂದಾಗುತ್ತಿದ್ದವು, ಹೊಸದರಲ್ಲಿ 0.6 ಮೈಕ್ರಾನಿನ ಹದಿನಾರು ಸೇರಿ ಒಂದಾಗುತ್ತವೆ. ಎರಡರಲ್ಲೂ ಕೊನೆಗೆ ಕೈಗೆ ಬರುವುದು 2.4 ಮೈಕ್ರಾನ್ ಪಿಕ್ಸೆಲ್‌ನ 12 ಮೆಗಾಪಿಕ್ಸೆಲ್ ಚಿತ್ರ. ಮೂರು ವರ್ಷಗಳ ನಡುವೆ ಚಿತ್ರ ಸುಧಾರಿಸಿದ್ದು ನಿಜ. ಆದರೆ ಫೋಕಸ್, ಪ್ರೊಸೆಸರ್, ಚಿತ್ರ ಸಂಸ್ಕರಣೆಯ ಪಾಲು ಅದರಲ್ಲಿ ದೊಡ್ಡದು, ಅದು ಮೆಗಾಪಿಕ್ಸೆಲ್ ಅಂಕಿಯಲ್ಲಿ ಕಾಣುವುದಿಲ್ಲ. ಎಸ್24 ಅಲ್ಟ್ರಾದ ಹೊತ್ತಿಗೆ ಇದರ ತಿರುವುಮುರುವು ನಡೆಯಿತು. 10 ಪಟ್ಟು ಜೂಮಿನ 10 ಮೆಗಾಪಿಕ್ಸೆಲ್ ಲೆನ್ಸ್ ತೆಗೆದು 5 ಪಟ್ಟಿನ 50 ಮೆಗಾಪಿಕ್ಸೆಲ್ ಹಾಕುತ್ತಾರೆಂದು ಗೊತ್ತಾದಾಗ ‘ಅರ್ಧಕ್ಕಿಳಿಸಿದರು’ ಎಂಬ ಗೋಳು ಫೋನಿಗಿಂತ ಮೊದಲೇ ಬಂತು.

ಹೆಚ್ಚು ಬೇಸರಕ್ಕೆ ಕಾರಣವಾಗಿರುವುದು ಬ್ಯಾಟರಿ. ಎಸ್20 ಅಲ್ಟ್ರಾದಿಂದ 2025ರ ಎಸ್25 ಅಲ್ಟ್ರಾವರೆಗೆ ಅದೇ 5,000 ಎಂಎಎಚ್. ಇತ್ತ ಚೀನಾದ ಕಂಪನಿಗಳು 6,000, 7,000 ದಾಟಿವೆ. ಅವರು ಬಳಸುವುದು ಸಿಲಿಕಾನ್-ಕಾರ್ಬನ್ ಬ್ಯಾಟರಿ. 2023ರಲ್ಲಿ ಹಾನರ್ ಕಂಪನಿ ಮ್ಯಾಜಿಕ್5 ಪ್ರೊದ ಚೀನಾ ಆವೃತ್ತಿಯಲ್ಲಿ ಇದನ್ನು ತಂದಿತು. ಮಾಮೂಲಿ ಬ್ಯಾಟರಿಯೊಳಗಿನ ಒಂದು ಗ್ರಾಂ ಗ್ರಾಫೈಟ್ ಸುಮಾರು 372 ಎಂಎಎಚ್ ಹಿಡಿದಿಟ್ಟರೆ ಸಿಲಿಕಾನ್ ಅದರ ಸುಮಾರು ಹತ್ತರಷ್ಟು ಹಿಡಿಯಬಲ್ಲದು. ಆದರೆ ಚಾರ್ಜ್ ತುಂಬಿದಾಗ ಸಿಲಿಕಾನ್ ಮೂರು ನಾಲ್ಕು ಪಟ್ಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ, ಹೀಗೆ ಉಬ್ಬಿ ಕುಗ್ಗಿ ಕಣಗಳು ಬಿರುಕು ಬಿಡುತ್ತವೆ. ಅದಕ್ಕೇ ಅದನ್ನು ಸ್ವಲ್ಪ ಪ್ರಮಾಣದಲ್ಲಿ ಕಾರ್ಬನ್ ಜೊತೆ ಬೆರೆಸುತ್ತಾರೆ.

ಇನ್ನೊಂದು ತೊಡಕು ಸಾಗಣೆಯದು. ಒಂದು ಸೆಲ್‌ನಲ್ಲಿ 20 ವ್ಯಾಟ್-ಅವರ್ ಮೀರಿದರೆ ಅಮೆರಿಕದ ನಿಯಮದಲ್ಲಿ ಅದು ಅಪಾಯಕಾರಿ ಸರಕಿನ ಕಟ್ಟುನಿಟ್ಟಿನ ಲೆಕ್ಕಕ್ಕೆ ಸೇರುತ್ತದೆ. ಗುಣಿಸಿ ನೋಡಿ: 5,000 ಎಂಎಎಚ್ ಎಂದರೆ 5 ಆಂಪಿಯರ್-ಅವರ್, 3.88 ವೋಲ್ಟ್, ಒಟ್ಟು 19.4 ವ್ಯಾಟ್-ಅವರ್. ಗೆರೆಯ ಅಂಚಿಗೆ ಬಂದು ನಿಂತಿದೆ. ದಾಟಬೇಕಾದರೆ ಎರಡು ಸೆಲ್ ಜೋಡಿಸಬೇಕು, ಜಾಗ ಹೋಗುತ್ತದೆ. ಇದರ ಮೇಲೆ ಸ್ಯಾಮ್‌ಸಂಗ್‌ಗೆ ಸ್ವಂತ ಗಾಯವೂ ಇದೆ. 2016ರ ನೋಟ್ 7ರಲ್ಲಿ ಒಬ್ಬ ಪೂರೈಕೆದಾರರ ಬ್ಯಾಟರಿಯ ಮೇಲ್ಮೂಲೆಯಲ್ಲಿ ಜಾಗ ಸಾಲದೆ ಒಳಗಿನ ಪದರ ಮಡಚಿಕೊಂಡಿತ್ತು. ಬದಲಿಗೆ ಕೊಟ್ಟ ಇನ್ನೊಬ್ಬರ ಬ್ಯಾಟರಿಯಲ್ಲಿ ಬೆಸುಗೆಯ ಮುಳ್ಳು ಪದರವನ್ನು ಚುಚ್ಚಿತ್ತು. ಫೋನುಗಳು ಹೊತ್ತಿಕೊಂಡವು, ಮಾಡೆಲ್ಲೇ ನಿಂತುಹೋಯಿತು.

ಚಾರ್ಜಿಂಗ್ ವೇಗದ ಸುದ್ದಿಗೆ ಕುಣಿಯುವ ಮುನ್ನ ಕೇಬಲ್ ನೋಡಿಕೊಳ್ಳಿ. ಎಸ್23 ಅಲ್ಟ್ರಾದಂಥ ಫೋನುಗಳ 45 ವ್ಯಾಟ್‌ಗೆ ಸುಮಾರು 10 ವೋಲ್ಟ್‌ನಲ್ಲಿ 4.5 ಆಂಪಿಯರ್ ಬೇಕು. ಅದಕ್ಕೆ ಪಿಪಿಎಸ್ (ಬೇಕಾದಂತೆ ವೋಲ್ಟೇಜ್ ಏರಿಳಿಸುವ ವ್ಯವಸ್ಥೆ) ಇರುವ ಚಾರ್ಜರ್, 5 ಆಂಪಿಯರ್ ಎಂದು ಗುರುತಿರುವ ಸಿ-ಟು-ಸಿ ಕೇಬಲ್ ಎರಡೂ ಬೇಕು. ಮನೆಯಲ್ಲಿರುವ 3 ಆಂಪಿಯರ್ ಕೇಬಲ್ ಚುಚ್ಚಿದರೆ 45 ಮುಟ್ಟುವುದಿಲ್ಲ, ದೂರು ಮಾತ್ರ ಫೋನಿನ ಮೇಲೆ.

ಭಾರತದಲ್ಲಿ ಪ್ರತಿ ವರ್ಷ ತಪ್ಪದೆ ಏಳುವ ಇನ್ನೊಂದು ಸುದ್ದಿ ಬೆಲೆಯದು. 2017ರಲ್ಲಿ ಪೀಣ್ಯದಲ್ಲಿ ಐಫೋನ್ ಎಸ್‌ಇ ಜೋಡಣೆ ಶುರುವಾಯಿತು, ಆಮೇಲೆ ಕೋಲಾರದ ನರಸಾಪುರ, ಈಗ ದೇವನಹಳ್ಳಿ. ‘ಇಲ್ಲೇ ತಯಾರಾದರೆ ಅಗ್ಗವಾಗಲೇಬೇಕಲ್ಲ’ ಎಂಬ ಮಾತು ಅಂದಿನಿಂದಲೂ ಇದೆ. ಆದರೆ 2020ರ ಐಫೋನ್ 12ರಿಂದ 2024ರ ಐಫೋನ್ 16ರವರೆಗೆ ಮೂಲ ಮಾಡೆಲ್ ಬಿಡುಗಡೆಯಾದದ್ದು ಒಂದೇ 79,900 ರೂಪಾಯಿಗೆ. ಚಿಪ್, ಪರದೆ, ಕ್ಯಾಮೆರಾ ಹೊರಗಿನಿಂದಲೇ ಬರುತ್ತವೆ, ಮೇಲೆ ಶೇ 18ರಷ್ಟು ಜಿಎಸ್‌ಟಿ ಇದೆ. ಜೋಡಣೆಯ ಕೂಲಿ ಒಟ್ಟು ಬೆಲೆಯಲ್ಲಿ ಸಣ್ಣ ಪಾಲು.

ಒಂದು ನಿರಾಸೆಯನ್ನು ಮಾತ್ರ ಗಾಳಿಸುದ್ದಿಯ ತಲೆಗೆ ಕಟ್ಟುವಂತಿಲ್ಲ. 2024ರ ಜೂನ್‌ನಲ್ಲಿ, ಬಳಕೆದಾರರ ಸ್ವಂತ ಮಾಹಿತಿಯನ್ನು ಅರಿತು ಉತ್ತರಿಸುವ ಸಿರಿಯನ್ನು ಆ್ಯಪಲ್ ವೇದಿಕೆಯ ಮೇಲೇ ಸಾರಿತು, ಐಫೋನ್ 16ರ ಜಾಹೀರಾತಿನಲ್ಲೂ ತೋರಿಸಿತು. 2025ರ ಮಾರ್ಚ್‌ನಲ್ಲಿ ಅದು ಮುಂದಕ್ಕೆ ಹೋಗಿದೆ ಎಂದು ತಾನೇ ಒಪ್ಪಿಕೊಂಡಿತು. ಸೋರಿಕೆ ಸುಳ್ಳಾದರೆ ಕವರ್ ವ್ಯಾಪಾರಿಗೆ ನಷ್ಟ. ಇಲ್ಲಿ ಕಂಪನಿಯ ಮಾತು ನಂಬಿ ದುಡ್ಡು ಕೊಟ್ಟವರಿಗೆ.

ಮುಂದಿನ ಸಲ ‘ಬ್ಯಾಟರಿ 4,855ಕ್ಕೆ ಇಳಿಕೆ’ ಎಂಬ ತಲೆಬರಹ ಕಂಡರೆ ಗಾಬರಿ ಬೇಡ. ಪ್ರಮಾಣಪತ್ರದಲ್ಲಿ ನಮೂದಾಗುವುದು ಖಾತರಿಯ ಕನಿಷ್ಠ ಸಾಮರ್ಥ್ಯ, ಜಾಹೀರಾತಿನಲ್ಲಿ ಬರುವುದು ಸರಾಸರಿ ಸಾಮರ್ಥ್ಯ. ಎಸ್23 ಅಲ್ಟ್ರಾದ 5,000ದ ಬ್ಯಾಟರಿ ಕಾಗದದ ಮೇಲೆ 4,855 ಎಂದೇ ಇತ್ತು.