ಆಸ್ಪತ್ರೆಯ ಸುನ್ನತಿ, ಎಂಟನೇ ದಿನದ ಬ್ರಿಸ್: ಎರಡೂ ಒಂದೇನಾ?

ಪ್ರಶ್ನೆ: ನಾನು ಹಾಸನದ ಕಡೆಯವಳು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ನನ್ನ ಗಂಡ ಯಹೂದಿ. ನನಗೀಗ ಏಳು ತಿಂಗಳು. ಗಂಡು ಮಗು ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿದೆ. ಸುನ್ನತಿ ಮಾಡಿಸೋಣ ಅಂತ ಇಬ್ಬರೂ ಒಪ್ಪಿದ್ದೇವೆ. ಡಿಸ್ಚಾರ್ಜ್‌ಗೆ ಮುಂಚೆ ಆಸ್ಪತ್ರೆಯಲ್ಲೇ ಮುಗಿಸಿಬಿಡಬಹುದು ಅಂತಾರೆ ಡಾಕ್ಟರು. ಎಂಟನೇ ದಿನ ಮನೆಯಲ್ಲೇ ಆಗಬೇಕು ಅಂತಾರೆ ಅತ್ತೆ, ಮಾವ. ತೆಗೆಯೋದು ಅದೇ ಚರ್ಮ ತಾನೇ? ಎರಡೂ ಒಂದೇ ಅಲ್ವಾ?

ಉತ್ತರ: ಡಾಕ್ಟರ ಲೆಕ್ಕದಲ್ಲಿ ಒಂದೇ. ಶಿಶ್ನದ ತುದಿಯನ್ನು ಮುಚ್ಚಿರುವ ಮುಂದೊಗಲನ್ನು ತೆಗೆಯುವುದು, ಅಷ್ಟೇ. ನಿಮ್ಮ ಅತ್ತೆ, ಮಾವನ ಲೆಕ್ಕದಲ್ಲಿ ಒಂದಲ್ಲ. ಅವರದು ಸುಮ್ನೆ ಹಟವೂ ಅಲ್ಲ. ಹುಟ್ಟಿದ ಎರಡನೇ ದಿನ ಆಸ್ಪತ್ರೆಯಲ್ಲಿ ಮಾಡಿಸಿದರೆ ಯಹೂದಿ ಶಾಸ್ತ್ರದ ಪ್ರಕಾರ ಅದು ಬ್ರಿಟ್ ಮಿಲಾ, ಅಂದರೆ ಧರ್ಮದ ಸುನ್ನತಿ, ಆಗುವುದಿಲ್ಲ. (ಅಮೆರಿಕದಲ್ಲಿ ಇದನ್ನೇ ಬ್ರಿಸ್ ಅನ್ನುವುದು ಜಾಸ್ತಿ.) ಎಂಟನೇ ದಿನಕ್ಕಿಂತ ಮುಂಚೆ ಮಾಡಿದ್ದು ಅವರ ಶಾಸ್ತ್ರದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಧರ್ಮದ ಸಂಕಲ್ಪ ಇಲ್ಲದೆ ಮಾಡಿದ್ದೂ ಬರುವುದಿಲ್ಲ. ಆಮೇಲೆ ಸಂಪ್ರದಾಯಸ್ಥ ರಬ್ಬಿಯ (ಯಹೂದಿ ಧರ್ಮಗುರುವಿನ) ಹತ್ತಿರ ಹೋದರೆ 'ಹತಾಫತ್ ದಾಮ್ ಬ್ರಿಟ್' ಮಾಡಿಸಿ ಅನ್ನುತ್ತಾರೆ. ಅಂದರೆ ಅದೇ ಜಾಗದಲ್ಲಿ ಸೂಜಿಯಿಂದ ಚುಚ್ಚಿ ಒಂದು ಹನಿ ರಕ್ತ ತೆಗೆಯುವುದು. ಮಗುವಿಗೆ ಎರಡೆರಡು ಸಲ ಯಾಕೆ ತೊಂದರೆ? ಹೆರಿಗೆಗೆ ಮುಂಚೆಯೇ ಗಂಡ ಹೆಂಡತಿ ಕೂತು ತೀರ್ಮಾನ ಮಾಡಿಕೊಳ್ಳಿ. ಬ್ರಿಸ್ ಅಂತಾದರೆ ಆಸ್ಪತ್ರೆಯಲ್ಲಿ ಮೊದಲೇ ಹೇಳಿ, ಫೈಲಿನಲ್ಲಿ ಬರೆಸಿ. ಹೆರಿಗೆಯಾದ ಸುಸ್ತಿನಲ್ಲಿ ಮುಂದಿಟ್ಟ ಫಾರ್ಮ್‌ಗೆಲ್ಲ ಸಹಿ ಹಾಕುವ ಹೊತ್ತು ಅದು.

ಎಂಟನೇ ದಿನ ಎಲ್ಲಿಂದ ಬಂತು ಅಂದರೆ, ಬೈಬಲ್ಲಿನ ಆದಿಕಾಂಡದ 17ನೇ ಅಧ್ಯಾಯದಿಂದ. ದೇವರು ಅಬ್ರಹಾಮನ ಜೊತೆ ಮಾಡಿಕೊಂಡ ಒಡಂಬಡಿಕೆಯ ಗುರುತು ಇದು. ಅಬ್ರಹಾಮನಿಗೆ ಆಗ 99 ವರ್ಷ, ಮಗ ಇಷ್ಮಾಯೇಲನಿಗೆ 13. ಆಮೇಲೆ ಹುಟ್ಟಿದ ಇಸಾಕನಿಗೆ ಎಂಟನೇ ದಿನ. ಅಲ್ಲಿಂದ ಇದು ಎಂಟನೇ ದಿನದ್ದೇ. ಎಂಟನೇ ದಿನ ರಕ್ತ ಹೆಪ್ಪುಗಟ್ಟುವ ಶಕ್ತಿ ತಾನಾಗಿ ತುತ್ತತುದಿಗೆ ಏರುತ್ತದೆ, ಅದಕ್ಕೇ ಹಿರಿಯರು ಈ ದಿನ ಇಟ್ಟರು ಅನ್ನುವ ಮಾತು ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಅದನ್ನು ನಂಬಿಕೊಂಡು ವಿಟಮಿನ್ ಕೆ ಇಂಜೆಕ್ಷನ್ ಬೇಡ ಅನ್ನಬೇಡಿ. ಹುಟ್ಟಿದ ಕೂಸಿನ ಮೈಯಲ್ಲಿ ವಿಟಮಿನ್ ಕೆ ತೀರಾ ಕಡಿಮೆ ಇರುತ್ತದೆ. ಇಂಜೆಕ್ಷನ್ ಹಾಕಿಸದ ಮಕ್ಕಳಿಗೆ ಮೊದಲ ವಾರಗಳಲ್ಲಿ ರಕ್ತಸ್ರಾವದ ಅಪಾಯ ನಿಜವಾಗಿ ಇದೆ.

ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಒಂದು ವಿಷಯವಿದೆ. ನಿಮ್ಮ ಮನೆಯ ಮಟ್ಟಿಗೆ ಇದೇ ದೊಡ್ಡದು. ಯಹೂದಿ ಶಾಸ್ತ್ರದಲ್ಲಿ ಮಗುವಿನ ಧರ್ಮ ತಾಯಿಯ ಕಡೆಯಿಂದ ಬರುತ್ತದೆ. ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್ ಪಂಥದವರು ಹೀಗೇ ನಡೆಯುತ್ತಾರೆ. ನೀವು ಯಹೂದಿ ಧರ್ಮಕ್ಕೆ ಸೇರಿಲ್ಲದಿದ್ದರೆ ಅವರ ಲೆಕ್ಕದಲ್ಲಿ ಮಗುವೂ ಹುಟ್ಟಿನಿಂದ ಯಹೂದಿ ಅಲ್ಲ. ಆಗ ಬ್ರಿಟ್ ಮಿಲಾ ಮತಾಂತರದ ಮೊದಲ ಹೆಜ್ಜೆ ಆಗುತ್ತದೆ. ಆಮೇಲೆ ಮಗುವನ್ನು ಮಿಕ್ವೆ ಅನ್ನುವ ಸ್ನಾನದ ಕೊಳದಲ್ಲಿ ಮುಳುಗಿಸಿ ತೆಗೆಯಬೇಕು, ಮೂವರ ಧರ್ಮಪೀಠ ಒಪ್ಪಬೇಕು. ರಿಫಾರ್ಮ್ ಪಂಥದವರದು ಬೇರೆ ದಾರಿ. ತಂದೆ ತಾಯಿಯಲ್ಲಿ ಒಬ್ಬರು ಯಹೂದಿ ಆಗಿದ್ದು, ಮಗುವನ್ನು ಯಹೂದಿಯಾಗಿ ಬೆಳೆಸುವುದಾದರೆ ಸಾಕು ಅಂತ ಅಮೆರಿಕದ ರಿಫಾರ್ಮ್ ರಬ್ಬಿಗಳು 1983ರಲ್ಲೇ ತೀರ್ಮಾನ ಮಾಡಿದ್ದಾರೆ. ಹಾಗಾಗಿ 'ಬ್ರಿಸ್ ಮಾಡಿಸೋಣ' ಅಂತ ಎಲ್ಲರೂ ತಲೆಯಾಡಿಸಿದರೆ ಸಾಲದು. ಯಾವ ಪಂಥದ ರಬ್ಬಿ, ಮಗುವನ್ನು ಯಾವ ಲೆಕ್ಕದಲ್ಲಿ ನೋಡುತ್ತಾರೆ ಅನ್ನುವುದನ್ನು ಗಂಡನ ಹತ್ತಿರ ಈಗಲೇ ಬಾಯಿ ಬಿಟ್ಟು ಕೇಳಿ. ನೆಂಟರೆಲ್ಲ ಬಂದು ಕೂತ ಮೇಲೆ 'ಇದು ಮತಾಂತರ' ಅಂತ ಮೊದಲ ಸಲ ಕಿವಿಗೆ ಬೀಳುವುದು ಯಾವ ತಾಯಿಗೂ ಹಿತವಲ್ಲ.

ಇನ್ನು ದಿನದ ಲೆಕ್ಕ. ಹುಟ್ಟಿದ ದಿನವನ್ನೇ ಒಂದು ಅಂತ ಎಣಿಸುತ್ತಾರೆ. ಮಂಗಳವಾರ ಮಧ್ಯಾಹ್ನ ಹುಟ್ಟಿದರೆ ಬ್ರಿಸ್ ಮುಂದಿನ ಮಂಗಳವಾರ. ನಮ್ಮವರು ಎಡವುವುದು ರಾತ್ರಿ ಹುಟ್ಟಿದ ಮಗುವಿನ ವಿಷಯದಲ್ಲಿ. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ. ಅವರಲ್ಲಿ ಸೂರ್ಯ ಮುಳುಗಿದಾಗ. ಮಂಗಳವಾರ ರಾತ್ರಿ ಒಂಬತ್ತಕ್ಕೆ ಹುಟ್ಟಿದ ಮಗು ನಿಮ್ಮ ಅಮ್ಮನಿಗೆ ಮಂಗಳವಾರದ ಮಗು, ನಿಮ್ಮ ಅತ್ತೆಗೆ ಬುಧವಾರದ್ದು. ಬ್ರಿಸ್ ಮುಂದಿನ ಬುಧವಾರ. ಸೂರ್ಯ ಮುಳುಗಿ ಕತ್ತಲಾಗುವ ಮುಂಚಿನ ಮುಸ್ಸಂಜೆಯಲ್ಲಿ ಹುಟ್ಟಿದರೆ ಯಾವ ದಿನ ಅನ್ನುವುದೇ ಅನುಮಾನ. ಆಗ ತಡವಾದ ದಿನವನ್ನೇ ಹಿಡಿಯುತ್ತಾರೆ. ಹಾಗಾಗಿ ಹುಟ್ಟಿದ ನಿಮಿಷ ಬರೆದಿಟ್ಟುಕೊಳ್ಳಿ. ಜಾತಕಕ್ಕೆ ಅಂತ ನಿಮ್ಮ ಅಮ್ಮ ಹೇಗೂ ಕೇಳುತ್ತಾರೆ.

ಬ್ರಿಸ್ ಯಾವಾಗಲೂ ಹಗಲಲ್ಲೇ, ಸಾಮಾನ್ಯವಾಗಿ ಬೆಳಿಗ್ಗೆ. ಎಂಟನೇ ದಿನ ಶನಿವಾರ ಬಿದ್ದರೆ, ಏನೂ ಕೆಲಸ ಮಾಡಬಾರದ ಆ ಶಬ್ಬಾತ್ ದಿನವೂ ಮಾಡುತ್ತಾರೆ. ಯೋಮ್ ಕಿಪ್ಪೂರ್ ಉಪವಾಸದ ದಿನವೂ ಬಿಡುವುದಿಲ್ಲ. ಆದರೆ ಸಿಸೇರಿಯನ್ ಆಗಿದ್ದರೆ ಶನಿವಾರ ಮಾಡುವಂತಿಲ್ಲ, ಭಾನುವಾರಕ್ಕೆ ಹೋಗುತ್ತದೆ. ಮತಾಂತರದ ಲೆಕ್ಕದಲ್ಲಿ ಮಾಡುವುದಾದರೂ ಶನಿವಾರ ಇಲ್ಲ. ಬೆಂಗಳೂರಿಂದ ನೆಂಟರು ಟಿಕೆಟ್ ಬುಕ್ ಮಾಡುವ ಮುಂಚೆ ಇದಿಷ್ಟು ನೋಡಿಕೊಳ್ಳಿ.

ಎಂಟನೇ ದಿನ ಎಷ್ಟೇ ಮುಖ್ಯವಾದರೂ ಮಗುವಿನ ಆರೋಗ್ಯದ ಮುಂದೆ ಅದಕ್ಕೆ ಎರಡನೇ ಜಾಗ. ನನಗೆ ಈ ಆಚಾರದಲ್ಲಿ ತುಂಬ ಹಿಡಿಸಿದ್ದು ಇದೇ. ಸುನ್ನತಿಯನ್ನು ಆಮೇಲೆ ಮಾಡಬಹುದು, ಹೋದ ಜೀವವನ್ನು ತರಲಾಗದು ಅಂತ 12ನೇ ಶತಮಾನದ ಮೈಮೊನಿಡಿಸ್ ನೇರವಾಗಿ ಬರೆದಿಟ್ಟಿದ್ದಾನೆ. ಅವನು ಧರ್ಮಶಾಸ್ತ್ರಿಯೂ ಹೌದು, ವೈದ್ಯನೂ ಹೌದು. ಅದಕ್ಕೂ ಬಹಳ ಹಿಂದಿನ ತಾಲ್ಮುದ್ ಗ್ರಂಥದಲ್ಲಿ ಇನ್ನೊಂದು ನಿಯಮವಿದೆ. ಒಬ್ಬ ತಾಯಿಯ ಎರಡು ಗಂಡು ಮಕ್ಕಳು ಸುನ್ನತಿಯಿಂದ ಸತ್ತಿದ್ದರೆ ಮೂರನೆಯದಕ್ಕೆ ಮಾಡಬಾರದು. ಅಕ್ಕ ತಂಗಿಯರ ಮಕ್ಕಳಲ್ಲಿ ಹೀಗಾದರೂ ಅದೇ ಎಚ್ಚರ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ತಾಯಿಯ ಕಡೆಯಿಂದ ಗಂಡು ಮಕ್ಕಳಿಗೆ ಬರುತ್ತದೆ ಅಂತ ವೈದ್ಯಶಾಸ್ತ್ರ ಬಿಡಿಸಿ ಹೇಳುವುದಕ್ಕೆ ಎಷ್ಟೋ ಶತಮಾನ ಮುಂಚೆಯೇ ಅವರು ಇದನ್ನು ಗಮನಿಸಿದ್ದರು. ಹಾಗಾಗಿ ನಿಮ್ಮ ತವರಿನ ಕಡೆ ಯಾರಿಗಾದರೂ ಸಣ್ಣ ಗಾಯಕ್ಕೂ ರಕ್ತ ನಿಲ್ಲುವುದಿಲ್ಲ ಅನ್ನುವ ತೊಂದರೆ ಇತ್ತಾ, ಅಮ್ಮನನ್ನು ಕೇಳಿ. ಇದ್ದರೆ ಡಾಕ್ಟರಿಗೆ ಹೇಳಲೇಬೇಕು.

ಮುಂದೆ ಹಾಕುವ ಸಾಮಾನ್ಯ ಕಾರಣ ಕಾಮಾಲೆ. ಹುಟ್ಟಿದ ಮೂರು, ನಾಲ್ಕನೇ ದಿನಕ್ಕೆ ಎಷ್ಟೋ ಕೂಸುಗಳು ಹಳದಿಯಾಗುತ್ತವೆ. ಇಲ್ಲೊಂದು ತಮಾಷೆ ನೋಡಿ. ಪರವಾಗಿಲ್ಲ, ಮಾಡಿಸಿ ಅಂತ ಡಾಕ್ಟರು ಹೇಳಿದರೂ, ಬೇಡ, ಹಳದಿ ಇಳಿಯಲಿ ಅಂತ ಮೊಹೆಲ್ ಹೇಳಬಹುದು. (ಸುನ್ನತಿ ಮಾಡುವವರನ್ನು ಮೊಹೆಲ್ ಅನ್ನುತ್ತಾರೆ.) ಜ್ವರದಂತೆ ಇಡೀ ಮೈಗೆ ಬಂದ ಕಾಯಿಲೆಯಾದರೆ, ವಾಸಿಯಾದ ಮೇಲೂ ಪೂರ್ತಿ ಏಳು ದಿನ ಕಾಯಬೇಕು. ತಿಂಗಳು ತುಂಬದೆ ಹುಟ್ಟಿದ ಮಗು ಸಾಕಷ್ಟು ತೂಕ ಬರುವವರೆಗೆ ಕಾಯುತ್ತಾರೆ. ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಗಿದ್ದರೆ ಮುಂದೊಗಲನ್ನು ಮುಟ್ಟಲೇಬಾರದು. ಅದನ್ನು ಸರಿಪಡಿಸುವ ಆಪರೇಷನ್ನಿಗೆ ಅದೇ ಚರ್ಮ ಬೇಕಾಗಬಹುದು. ಯಾರು ಮಾಡಿದರೂ, ಎಲ್ಲಿ ಮಾಡಿದರೂ, ಮಕ್ಕಳ ಡಾಕ್ಟರು ಮೊದಲೊಮ್ಮೆ ನೋಡಿ ಸರಿ ಅನ್ನಬೇಕು.

ಮೊಹೆಲ್ ಅಂದರೆ ಪೂಜೆ ಮಾಡಿಸುವ ಪುರೋಹಿತರ ಹಾಗೆ ಅಂದುಕೊಳ್ಳಬೇಡಿ. ಅವರು ಕೈಯಲ್ಲಿ ಕತ್ತಿ ಹಿಡಿಯುವವರು. ಕೆಲವರು ರಬ್ಬಿಗಳು, ಕೆಲವರು ಡಾಕ್ಟರುಗಳು. ರಿಫಾರ್ಮ್ ಪಂಥದಲ್ಲಿ ಹೆಂಗಸರೂ ಇದ್ದಾರೆ, ಅಲ್ಲಿ ಡಾಕ್ಟರಿಗೇ ಈ ತರಬೇತಿ ಕೊಡುವ ಪದ್ಧತಿ ಇದೆ. ಬ್ರಿಟನ್ನಿನಲ್ಲಿ 1745ರಿಂದ ಇರುವ ಇನಿಶಿಯೇಷನ್ ಸೊಸೈಟಿ ಮೊಹೆಲ್‌ಗಳಿಗೆ ತರಬೇತಿ ಕೊಡುತ್ತದೆ. ಜರ್ಮನಿಯಲ್ಲಿ 2012ರಲ್ಲಿ ಕೊಲೋನ್ ನ್ಯಾಯಾಲಯ ಗಂಡು ಮಕ್ಕಳ ಧಾರ್ಮಿಕ ಸುನ್ನತಿಯನ್ನು ದೈಹಿಕ ಹಾನಿ ಅಂದಾಗ ಗಲಾಟೆಯಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಸಂಸತ್ತು ಕಾನೂನು ಮಾಡಿ ಒಪ್ಪಿಗೆ ಕೊಟ್ಟಿತು. ಡಾಕ್ಟರಲ್ಲದ, ತರಬೇತಿ ಪಡೆದ ಮೊಹೆಲ್ ಅಲ್ಲಿ ಮಗುವಿನ ಮೊದಲ ಆರು ತಿಂಗಳಲ್ಲಿ ಮಾಡಬಹುದು. ನಿಮ್ಮ ಮಟ್ಟಿಗೆ, ಯಾರೇ ಆಗಲಿ, ಎಷ್ಟು ಮಕ್ಕಳಿಗೆ ಮಾಡಿದ್ದಾರೆ, ರಕ್ತ ನಿಲ್ಲದಿದ್ದರೆ ಏನು ಮಾಡುತ್ತಾರೆ, ಆ ರಾತ್ರಿ ಫೋನ್ ಎತ್ತುತ್ತಾರಾ ಅಂತ ಸಂಕೋಚ ಇಲ್ಲದೆ ಕೇಳಿ. ಅನುಭವ ಇರುವವರು ಬೇಸರ ಮಾಡಿಕೊಳ್ಳುವುದಿಲ್ಲ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ವಿಧಿಯಲ್ಲಿ ಮೂರು ಹಂತ. ಮುಂದೊಗಲನ್ನು ಕತ್ತರಿಸುವುದು, ಒಳಗಿನ ತೆಳು ಪೊರೆಯನ್ನು ಹಿಂದಕ್ಕೆ ಸರಿಸುವುದು, ಆಮೇಲೆ ಗಾಯದಿಂದ ಸ್ವಲ್ಪ ರಕ್ತ ಎಳೆಯುವುದು. ಈ ಮೂರನೆಯದನ್ನು ಮೆಟ್ಜಿಟ್ಜಾ ಅನ್ನುತ್ತಾರೆ. ಈಗ ಬಹಳ ಕಡೆ ಹತ್ತಿ ಬಟ್ಟೆಯಿಂದ ಒತ್ತಿ, ಇಲ್ಲವೇ ಕ್ರಿಮಿಶುದ್ಧ ಕೊಳವೆ ಇಟ್ಟು ಮಾಡುತ್ತಾರೆ. ಕೆಲವು ಕಟ್ಟಾ ಸಂಪ್ರದಾಯದವರು ಮಾತ್ರ ಇವತ್ತಿಗೂ ನೇರವಾಗಿ ಬಾಯಿಟ್ಟೇ ಮಾಡುತ್ತಾರೆ. ದೊಡ್ಡವರ ಬಾಯಲ್ಲಿ ಯಾವ ಗುರುತೂ ತೋರದೆ ಇರುವ ಹರ್ಪಿಸ್ ವೈರಸ್ ಇದರಿಂದ ಮಗುವಿಗೆ ಹತ್ತಬಹುದು. ಕೂಸಿಗೆ ಅದು ಪ್ರಾಣಕ್ಕೇ ಅಪಾಯ. 2000ದಿಂದ 2011ರವರೆಗೆ ನ್ಯೂಯಾರ್ಕ್ ನಗರದಲ್ಲಿ ಇಂಥ 11 ಪ್ರಕರಣಗಳು ದಾಖಲಾದವು. ಎರಡು ಮಕ್ಕಳು ಸತ್ತವು. ಇಲ್ಲಿ ನಾನು ಎರಡೂ ಕಡೆಯ ಮಾತು ಹೇಳುತ್ತಾ ಕೂರುವುದಿಲ್ಲ: ಬೇಡ ಅನ್ನಿ. 'ಬಾಯಿ ಹಾಕುವುದಿಲ್ಲ ತಾನೇ?' ಅಂತ ಮೊದಲ ಫೋನಿನಲ್ಲೇ ಕೇಳಿ, ಉತ್ತರ ಹೌದು ಅಂತಲೋ ಇಲ್ಲ ಅಂತಲೋ ಸ್ಪಷ್ಟವಾಗಿ ಬರಲಿ.

ನೋವಿನ ವಿಷಯ. ಹತ್ತಿಯನ್ನು ಸಿಹಿ ವೈನಿನಲ್ಲಿ ಅದ್ದಿ ಚೀಪಲು ಕೊಡುವುದು ಹಳೇ ಪದ್ಧತಿ. ಸಿಹಿ ಚೀಪಿದರೆ ಮಗು ಸ್ವಲ್ಪ ಸುಮ್ಮನಾಗುತ್ತದೆ ನಿಜ, ಆದರೆ ಅಷ್ಟೇ ಸಾಲದು. ನೋವು ತಗ್ಗಿಸುವ ಔಷಧಿ ಕೊಟ್ಟೇ ಮಾಡಬೇಕು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಮರಗಟ್ಟಿಸುವ ಕ್ರೀಮ್ ಹಚ್ಚಬಹುದು. ಅದು ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು. ಎಷ್ಟು ಹಚ್ಚಬೇಕು ಅಂತ ಡಾಕ್ಟರೇ ಹೇಳಬೇಕು, ಕೂಸಿಗೆ ಜಾಸ್ತಿಯಾದರೆ ರಕ್ತದಲ್ಲಿ ತೊಂದರೆಯಾಗುತ್ತದೆ. ಡಾಕ್ಟರ್ ಮೊಹೆಲ್ ಆದರೆ ಬುಡದಲ್ಲಿ ಸಣ್ಣ ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಾರೆ. ಇದು ಕ್ರೀಮಿಗಿಂತ ಚೆನ್ನಾಗಿ ಹಿಡಿಯುತ್ತದೆ. ಕತ್ತರಿಸುವ ಕೆಲಸ ಒಂದೆರಡು ನಿಮಿಷದ್ದು.

ಆ ದಿನದ ಕ್ರಮ ನಮ್ಮ ಮನೆಯ ಶಾಸ್ತ್ರಗಳಿಗೆ ಅಷ್ಟೇನೂ ದೂರವಿಲ್ಲ. ಮಗುವನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಒಳಗೆ ತರುತ್ತಾರೆ. ತೊಡೆಯ ಮೇಲೆ ಹಿಡಿದು ಕೂರುವವರಿಗೆ ಸಂದೆಕ್ ಅನ್ನುತ್ತಾರೆ, ಹೆಚ್ಚಾಗಿ ಅಜ್ಜನಿಗೆ ಈ ಗೌರವ. ಪಕ್ಕದಲ್ಲಿ ಪ್ರವಾದಿ ಎಲಿಯನಿಗೆ ಅಂತ ಒಂದು ಕುರ್ಚಿ ಖಾಲಿ ಇಟ್ಟಿರುತ್ತಾರೆ. ಕತ್ತರಿಸಿದ ಮೇಲೆ ಹೆಸರು ಹೇಳುತ್ತಾರೆ. ಅಲ್ಲಿಯವರೆಗೆ ಹೆಸರನ್ನು ಹೊರಗೆ ಬಿಡದ ಮನೆಗಳೇ ಜಾಸ್ತಿ. ಮಧ್ಯ, ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿಗಳು ತೀರಿಕೊಂಡ ಹಿರಿಯರ ಹೆಸರಿಡುತ್ತಾರೆ, ಬದುಕಿರುವ ಅಜ್ಜನ ಹೆಸರಿಟ್ಟರೆ ಕೋಪ ಮಾಡಿಕೊಳ್ಳುತ್ತಾರೆ. ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ದಿಗಳಲ್ಲಿ ಅದೇ ಹೆಮ್ಮೆಯ ವಿಷಯ. ಆಮೇಲೆ ಊಟ.

ನಿಮ್ಮ ಅಮ್ಮ ಬಾಣಂತನಕ್ಕೆ ಬಂದಿದ್ದರೆ ಪುರುಡು ಕಳೆಯದೆ ಶುಭಕಾರ್ಯ ಹೇಗೆ ಅಂತ ಕೇಳಬಹುದು. ಹತ್ತು ದಿನದ ಪುರುಡು ಕಳೆದು ಹನ್ನೊಂದಕ್ಕೆ ನಾಮಕರಣ ಅನ್ನುವ ಲೆಕ್ಕ ನಮ್ಮದು, ಎಂಟನೇ ದಿನ ಅದರೊಳಗೇ ಬರುತ್ತದೆ. ಇದು ಅವರ ಮನೆಯ ಕಾರ್ಯ ಅಂತ ಹೇಳಿ, ನಿಮ್ಮ ನಾಮಕರಣ, ತೊಟ್ಟಿಲು ಶಾಸ್ತ್ರ ಆಮೇಲೆ ಇಟ್ಟುಕೊಳ್ಳಿ. ಅಂದಹಾಗೆ, ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಇಂಥ ಕಾರ್ಯಗಳಲ್ಲಿ ಎಲಿಯನ ಹೆಸರಲ್ಲಿ ಮಲೀದಾ ಇಡುತ್ತಾರೆ. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಸೇರಿಸಿ, ಸುತ್ತ ಹಣ್ಣು ಜೋಡಿಸಿದ ತಟ್ಟೆ. ನಿಮ್ಮ ಅಡುಗೆಮನೆಯಿಂದಲೂ ಏನಾದರೂ ಇರಲಿ ಅನ್ನಿಸಿದರೆ ಇದಕ್ಕಿಂತ ಸುಲಭದ್ದು ಸಿಗುವುದಿಲ್ಲ, ಅತ್ತೆಯನ್ನು ಒಂದು ಮಾತು ಕೇಳಿ ಮಾಡಿ.

ಜನರೆಲ್ಲ ಮನೆಗೆ ಹೋದ ಮೇಲೆ ಉಳಿಯುವುದು ಡಯಾಪರ್ ಬದಲಿಸುವ ಕೆಲಸ. ಪ್ರತಿ ಸಲ ಗಾಯದ ಮೇಲೆ ಧಾರಾಳವಾಗಿ ವ್ಯಾಸಲಿನ್ ಹಚ್ಚಿ, ಇಲ್ಲದಿದ್ದರೆ ಡಯಾಪರಿಗೆ ಅಂಟಿಕೊಳ್ಳುತ್ತದೆ. ಮೊದಲ ದಿನ ಒಂದೆರಡು ಚುಕ್ಕೆ ರಕ್ತ ಕಾಣುವುದು ಸಹಜ. ಎರಡು, ಮೂರನೇ ದಿನ ತುದಿಯಲ್ಲಿ ಹಳದಿ ಪೊರೆ ಕಾಣುತ್ತದೆ. ಕೀವಾಗಿದೆ ಅಂತ ಹೆದರಿ ಒರೆಸಬೇಡಿ, ಅದು ವಾಸಿಯಾಗುವ ಗುರುತು. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚೋಣ ಅಂತ ಅಮ್ಮ ಹೇಳಿದರೆ ಈ ಜಾಗಕ್ಕೆ ಮಾತ್ರ ಬೇಡ. ಒಂದು ವಾರ, ಹತ್ತು ದಿನದಲ್ಲಿ ಮಾಯುತ್ತದೆ. ರಕ್ತ ಒತ್ತಿ ಹಿಡಿದರೂ ನಿಲ್ಲದೆ ಬರುತ್ತಿದ್ದರೆ, ಎಂಟು ಗಂಟೆಯಾದರೂ ಮೂತ್ರ ಹೋಗದಿದ್ದರೆ, ಗಾಯದ ಸುತ್ತಲಿನ ಕೆಂಪು ಬಣ್ಣ ಹೊಟ್ಟೆಯ ಕಡೆಗೆ ಹರಡಿದರೆ, ಮಗು ಹಾಲು ಬಿಟ್ಟು ಮಂಕಾದರೆ, ಮೈ ಬಿಸಿ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಮೊಹೆಲ್ ವಾಪಸ್ ಫೋನ್ ಮಾಡಲಿ ಅಂತ ಕಾಯಬೇಡಿ. ನೇರ ಎಮರ್ಜೆನ್ಸಿಗೆ ಹೋಗಿ. ಈ ವಯಸ್ಸಿನ ಕೂಸಿನ ಜ್ವರವನ್ನು ಯಾವ ಡಾಕ್ಟರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.